ಮೂರು ಕೋಟ್ ಬಿಳಿ

ಗೋಡೆಚಿತ್ರಗಳ ಪ್ರದರ್ಶನಕ್ಕೆ ಹೋದಾಗ ನಾವು ಹೆಸರಿನ ಚೀಟಿ ಓದುವುದಿಲ್ಲ. ಅದು ನಮ್ಮ ಗುಂಪಿನ ಕಟ್ಟಳೆ. ಗೋಡೆಯ ಮುಂದೆ ನಿಂತು ಇದು ಯಾರ ಕೈ ಎಂದು ಹೇಳಬೇಕು. ಬಣ್ಣ ಎಲ್ಲಿ ಸೋರಿದೆ, ಗೆರೆ ಎಲ್ಲಿ ತಡವರಿಸಿದೆ, ಅಂಚನ್ನು ಯಾವ ಕಡೆಯಿಂದ ಹಿಡಿದಿದ್ದಾರೆ ಎಂದು ನೋಡಿದರೆ ಸಾಕು, ಮುಖ ನೋಡಿದ ಹಾಗೆ ಗೊತ್ತಾಗುತ್ತದೆ. ತಪ್ಪು ಹೇಳಿದವರು ಹೋಗಿ ಎಲ್ಲರಿಗೂ ಟೀ ತರಬೇಕು. ನಾನು ಒಮ್ಮೆಯೂ ಟೀ ತಂದವಳಲ್ಲ.

ಗುಂಪು ಎಂದರೆ ಈಗ ನಾಲ್ಕು ಜನ. ಬೋರ್ಡಣ್ಣ ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು. ಬೋರ್ಡುಗಳೆಲ್ಲ ಪ್ಲಾಸ್ಟಿಕ್ ಮೇಲೆ ಪ್ರಿಂಟಾಗಿ ಬರಲು ಶುರುವಾದ ಮೇಲೆ, ಕೈ ಸುಮ್ಮನಿರದೆ ಗೋಡೆಗಳಿಗೆ ಬಂದರು. ಏಣಿ ಆರಡಿ ಮೂರಿಂಚಿನವನು. ಏಣಿ ಹತ್ತಲು ಹೆದರುತ್ತಾನೆ, ಅದಕ್ಕೇ ಆ ಹೆಸರು. ವ್ಯಾನು ಅವನದು. ಗೋಂದು ನನ್ನ ನಾದಿನಿ. ಕಾಗದದ ಹಕ್ಕಿಗಳನ್ನು ಬರೆದು, ಕತ್ತರಿಸಿ, ಊರ ಗೋಡೆಗಳಿಗೆಲ್ಲ ಅಂಟಿಸುತ್ತಾಳೆ. ನಾನು ಹಾಳೆಯಲ್ಲಿ ಚಿತ್ರದ ಆಕಾರ ಕತ್ತರಿಸಿ ಸ್ಟೆನ್ಸಿಲ್ ಕೊಯ್ಯುವವಳು, ಹಾಗಾಗಿ ಬ್ಲೇಡ್. ಮಾತೇ ಆಡದವಳಿಗೆ ಬ್ಲೇಡ್ ಅಂತ ಹೆಸರು ನೋಡಿ, ಎಂದು ಬೋರ್ಡಣ್ಣ ಹೊಸಬರಿಗೆಲ್ಲ ಹೇಳುತ್ತಾರೆ.

ಐದನೆಯವನು ನನ್ನ ಗಂಡ. ನಾನು ಕೊಯ್ದದ್ದನ್ನು ಗೋಡೆಗೆ ಹಿಡಿದು ಬಣ್ಣ ಊದುತ್ತಿದ್ದವನು. ಹದಿನಾಲ್ಕು ತಿಂಗಳ ಹಿಂದೆ ಒಂದು ಮಂಗಳವಾರ ಎದೆ ನೋವು ಎಂದ. ಬುಧವಾರ ಇರಲಿಲ್ಲ. ಅದರ ಬಗ್ಗೆ ಹೇಳುವುದು ಇಷ್ಟೇ.

ಆಮೇಲೆ ನಾನು ಬ್ಲೇಡು ಮುಟ್ಟಿರಲಿಲ್ಲ. ನಕ್ಷೆ ಕಚೇರಿಯಲ್ಲಿ ಕೆಲಸ. ಹತ್ತಕ್ಕೆ ಹೋಗಿ ರಸ್ತೆ, ಹಳ್ಳ, ಗಡಿ ತಿದ್ದಿ ಆರಕ್ಕೆ ಮನೆಗೆ ಬರುತ್ತಿದ್ದೆ. ಹೇಗಿದ್ದೀಯ ಎಂದು ಕೇಳಿದವರಿಗೆಲ್ಲ ಚೆನ್ನಾಗಿದ್ದೀನಿ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಕಾಲು ಜೋಮು ಹಿಡಿದಾಗ ನೋವಿರುವುದಿಲ್ಲವಲ್ಲ, ಹಾಗೆ.

ಶುಕ್ರವಾರ ಬೆಳಿಗ್ಗೆ ಮೂವರೂ ವ್ಯಾನು ತಂದು ಬಾಗಿಲ ಮುಂದೆ ಹಾರನ್ ಹೊಡೆದರು. ಮುಚ್ಚಿಹೋದ ಐಸ್ ಫ್ಯಾಕ್ಟರಿಯಲ್ಲಿ ಮೂರು ದಿನದ ಪ್ರದರ್ಶನ, ಬರಲೇಬೇಕು ಎಂದರು. ರಜೆ ಹಾಕಿ ಹೋದೆ. ಬೇಡ ಎನ್ನುವುದಕ್ಕೆ ಹೆಚ್ಚು ಮಾತು ಬೇಕಾಗುತ್ತದೆ.

ಫ್ಯಾಕ್ಟರಿಯ ಒಳಗೆ ಉದ್ದುದ್ದ ಕೋಣೆಗಳು. ಗೋಡೆಗೊಬ್ಬರಂತೆ ಕಲಾವಿದರು. ಮೊದಲನೆಯ ಕೋಣೆಯಲ್ಲಿ ಒಂದು ತಿಮಿಂಗಿಲ.

"ಬಂತಪ್ಪಾ," ಎಂದರು ಬೋರ್ಡಣ್ಣ. "ತಿಮಿಂಗಿಲ ಇಲ್ದೇ ಪ್ರದರ್ಶನ ಮಾಡಬಾರದು ಅಂತ ಕಾನೂನು ಇರಬೇಕು."

"ಆ ಕಡೆ ನೋಡಿ, ಗಗನಯಾತ್ರೀನೂ ಇದ್ದಾನೆ," ಎಂದಳು ಗೋಂದು. "ಇನ್ನು ಕಣ್ಣಿಂದ ಚಿಟ್ಟೆ ಹಾರೋ ಹುಡುಗಿ ಒಬ್ಬಳು ಸಿಕ್ಕಿದ್ರೆ ಮನೆಗೆ ಹೋಗ್ಬಹುದು."

ಎರಡನೆಯ ಕೋಣೆಯಲ್ಲಿ ಅವಳೂ ಸಿಕ್ಕಳು. ಬೋರ್ಡಣ್ಣ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. "ಇಷ್ಟು ಚಿಟ್ಟೆ ಬರೋವರೆಗೂ ಮನೆಯವರು ಏನ್ಮಾಡ್ತಿದ್ರಮ್ಮ? ಕಣ್ಣು ಡಾಕ್ಟರಿಗೆ ತೋರಿಸಬಾರದಾ?"

ಯಾರ ಕೈ ಎಂದು ಏಣಿ ಜೋರಾಗಿ ಹೇಳಿದ. ತಪ್ಪು. ನಾನು ಮೆಲ್ಲಗೆ ಹೇಳಿದೆ. ಸರಿ. ಏಣಿ ಟೀ ತಂದ. ಹೀಗೇ ನಾಲ್ಕು ಕೋಣೆ ಕಳೆದು ಕೊನೆಯ ಕೋಣೆಗೆ ಬಂದೆವು. ಅಲ್ಲಿ ಮೂವರೂ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಅವರಿಗೆ ಸುಮ್ಮನಿರಲು ಬರುವುದಿಲ್ಲ. ಏನೋ ಇದೆ ಎಂದು ಆಗಲೇ ಗೊತ್ತಾಯಿತು.

ಎದುರಿಗೆ ಒಂದು ಗೋಡೆ. ಹನ್ನೆರಡಡಿ ಅಗಲ, ಪೂರ್ತಿ ಬಿಳಿ. ಅದರ ಮೇಲೆ ಏನೂ ಇಲ್ಲ.

"ಹೇಳಿ ಅತ್ತಿಗೆ, ಯಾರ ಕೈ?" ಎಂದಳು ಗೋಂದು.

ನಾನು ಹತ್ತಿರ ಹೋದೆ. ರೋಲರಿನ ಗುರುತು ಕೆಳಗಿನಿಂದ ಮೇಲಕ್ಕೆ ಹೋಗಿ, ಎಲ್ಲೂ ನಿಲ್ಲದೆ ಪಕ್ಕಕ್ಕೆ ಜಾರಿತ್ತು. ನೆಲದ ಅಂಚನ್ನು ಪಟ್ಟಿ ಅಂಟಿಸದೆ, ಎರಡಿಂಚಿನ ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ಎಳೆದಿದ್ದರು. ಅಷ್ಟು ನೆಟ್ಟಗೆ ಎಳೆಯಲು ನಲವತ್ತು ವರ್ಷ ಬೇಕು.

"ಬೋರ್ಡಣ್ಣ," ಎಂದೆ. "ಮೂರು ಕೋಟ್."

ಬೋರ್ಡಣ್ಣನ ಮುಖ ಅರಳಿತು. "ನೋಡಿದ್ಯಾ? ಕಂಡುಹಿಡಿದಳು! ಸಿದ್ಧ ಪ್ರೈಮರ್ ಅಲ್ಲಮ್ಮ ಅದು, ನಾನೇ ಕಲಸಿದ್ದು."

"ಈಗ ಚೀಟಿ ಓದಿ," ಎಂದ ಏಣಿ.

ಚೀಟಿಯಲ್ಲಿ ನನ್ನ ಹೆಸರಿತ್ತು. ಬ್ಲೇಡ್. ಅದರ ಕೆಳಗೆ ಗೋಡೆಯ ನಂಬರು, ಹದಿನೇಳು.

ನನಗೆ ಹೇಳದೆ ನನ್ನ ಹೆಸರು ಕೊಟ್ಟಿದ್ದರು. ಗೋಡೆ ಹಿಡಿದಿದ್ದರು, ಬಿಳಿ ಬಳಿದಿದ್ದರು. ಭಾನುವಾರ ಸಂಜೆಯವರೆಗೆ ಸಮಯವಿದೆ, ನೀನು ಏನು ಬೇಕಾದರೂ ಮಾಡು ಎಂಬ ಲೆಕ್ಕಾಚಾರ. ನಾನು ಬೈಯಬೇಕಾಗಿತ್ತು. ಬೈಗುಳ ಬರಲಿಲ್ಲ. "ಆಗಲ್ಲ," ಎಂದೆ ಅಷ್ಟೇ.

ಅಷ್ಟರಲ್ಲಿ ನಮ್ಮ ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಪ್ರದರ್ಶನ ನೋಡಲು ಬಂದ ಇಬ್ಬರು ಗೋಡೆಯ ಮುಂದೆ ಕೈ ಕಟ್ಟಿ ನಿಂತಿದ್ದರು.

"ಗಂಡ ತೀರಿಕೊಂಡ ಮೇಲೆ ಮಾಡಿದ್ದಂತೆ," ಎಂದು ಹೆಂಗಸು ಪಿಸುಗುಟ್ಟಿದರು. "ಎಂಥಾ ಮೌನ ನೋಡಿ."

"ಕೆಳಗೆ ಬರ್ತಾ ಬರ್ತಾ ಇನ್ನೂ ಗಾಢ ಆಗತ್ತೆ," ಎಂದರು ಗಂಡಸು. "ಆ ಬಿಳಿಯಲ್ಲಿ ಎಷ್ಟು ನೋವಿದೆ."

"ನೋವು ನನ್ನ ಭುಜದಲ್ಲಿದೆ," ಎಂದು ಬೋರ್ಡಣ್ಣ ನನ್ನ ಕಿವಿಯಲ್ಲಿ ಹೇಳಿದರು. ಆದರೆ ಆ ಇಬ್ಬರು ಹೋಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಪ್ರದರ್ಶನದ ಸಂಚಾಲಕಿ ನನ್ನನ್ನು ಪಕ್ಕಕ್ಕೆ ಕರೆದು ಎರಡೂ ಕೈ ಹಿಡಿದುಕೊಂಡರು. ಭಾನುವಾರ ನಾಲ್ಕು ಗಂಟೆಗೆ ಎಲ್ಲ ಗೋಡೆಗಳ ಫೋಟೋ ತೆಗೆಯುತ್ತಾರೆ, ಪುಸ್ತಕ ಬರುತ್ತದೆ. "ಏನೂ ಮಾಡ್ಲೇಬೇಡಿ," ಎಂದರು. "ಹೀಗೇ ಇರಲಿ. ತುಂಬಾ ಶಕ್ತಿ ಇದೆ ಇದರಲ್ಲಿ. ನಾನು ಶೀರ್ಷಿಕೆ ಕೂಡ ಯೋಚಿಸಿದ್ದೀನಿ, 'ವೈಧವ್ಯದ ಬಿಳಿ'. ನೀವು ಹೂಂ ಅಂದ್ರೆ ಸಾಕು."

ಯೋಚಿಸಿ ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಹೂಂ ಎನ್ನುವುದು ಸುಲಭವಿತ್ತು. ಏನೂ ಮಾಡದೆ ಮಾಡಿದ ಹಾಗಾಗುತ್ತದೆ. ಪುಸ್ತಕದಲ್ಲಿ ಬರುತ್ತದೆ. ಆಮೇಲೆ ಯಾರೂ ಕೇಳುವುದೂ ಇಲ್ಲ, ಯಾವಾಗ ಮತ್ತೆ ಕೊಯ್ಯುತ್ತೀಯ ಎಂದು. ಇವಳು ಖಾಲಿ ಎಂದು ಅಚ್ಚಾಗಿಹೋಗಿರುತ್ತದೆ.

ಶನಿವಾರ ಮತ್ತೆ ಹೋದೆ. ಬೋರ್ಡಣ್ಣ ನನಗಿಂತ ಮುಂಚೆ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹದಿನೇಳನೇ ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಬಲಗಿವಿಯ ಮೇಲೆ ಎಂದಿನ ಪೆನ್ಸಿಲ್ಲು. ಯಾರಾದರೂ ಒಂದು ಹೆಜ್ಜೆ ಮುಂದೆ ಬಂದರೆ, "ಮುಟ್ಟಬೇಡಿ, ಕಲೆ ಆಗತ್ತೆ," ಎನ್ನುತ್ತಿದ್ದರು.

"ನೋಡಿ ಅತ್ತಿಗೆ ಈ ಮನುಷ್ಯನ್ನ," ಎಂದ ಏಣಿ. "ನಿನ್ನೆಯಿಂದ ಊಟಕ್ಕೂ ಹೋಗ್ತಿಲ್ಲ. ಗೋಡೇನ ಮದುವೆ ಆಗೋ ಹಾಗಿದ್ದಾರೆ."

ಬೋರ್ಡಣ್ಣ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ತಾಯಿ, ನಿನಗೆ ಕೊಯ್ಯೋ ಮನಸ್ಸಿದ್ರೆ ಕೊಯ್ಯಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ನಲವತ್ತು ವರ್ಷ ಬೋರ್ಡು ಬರ್ದೆ. ಜನ ಬೋರ್ಡು ಓದಿ ಅಂಗಡಿ ಒಳಗೆ ಹೋಗ್ತಿದ್ರು. ಒಬ್ಬನೂ ನಿಂತು ನೋಡ್ಲಿಲ್ಲ. ಈಗ ನಿಂತು ನೋಡ್ತಿದ್ದಾರೆ. ಅಳ್ತಾರೆ ಕೂಡ! ಅಕ್ಷರಾನೇ ಇಲ್ದಿರೋದನ್ನ ನೋಡಿ ಅಳ್ತಾರಲ್ಲಮ್ಮ."

"ಅದು ನಿಮ್ಮ ಬಿಳಿ ಅಂತ ಅವರಿಗೆ ಗೊತ್ತಿಲ್ಲ, ಬೋರ್ಡಣ್ಣ."

"ಗೊತ್ತಿಲ್ದಿದ್ರೆ ಏನಂತೆ. ನನಗೆ ಗೊತ್ತಲ್ಲ."

ಹೂಂ ಎಂದುಬಿಡೋಣ ಎಂದು ಸಂಚಾಲಕಿಯನ್ನು ಹುಡುಕಲು ಹೊರಟವಳು, ಗೋಡೆಯನ್ನು ಇನ್ನೊಮ್ಮೆ ನೋಡಲು ನಿಂತೆ. ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಚೀಟಿಯನ್ನು ಕನ್ನಡಕ ಎತ್ತಿ ಓದಿದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಅಯ್ಯೋ ಪಾಪ," ಎಂದರು. "ಒಳಗೆ ಏನೂ ಉಳಿದಿಲ್ಲ ಆ ಹುಡುಗಿಗೆ." ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಸ್ವಲ್ಪ ಸರೀತೀಯೇನಮ್ಮ? ಫೋಟೋದಲ್ಲಿ ನೀನು ಅಡ್ಡ ಬರ್ತಿದ್ದೀಯ," ಎಂದರು.

ಸರಿದೆ. ಸರಿದ ಮೇಲೆ ಹಾಗೇ ನಡೆದು ಹೊರಗೆ ಬಂದೆ. ಸಂಚಾಲಕಿಯನ್ನು ಹುಡುಕಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ನಾವು ಸ್ಟೆನ್ಸಿಲ್ಲಿಗೆ ಹಳೆಯ ಎಕ್ಸ್‌ರೇ ಹಾಳೆ ಬಳಸುತ್ತಿದ್ದೆವು. ಆಸ್ಪತ್ರೆಯ ರದ್ದಿಯಲ್ಲಿ ಸಿಗುತ್ತವೆ. ಒದ್ದೆಯಾಗುವುದಿಲ್ಲ, ಬ್ಲೇಡಿಗೆ ಚೆನ್ನಾಗಿ ಒದಗುತ್ತವೆ. ಯಾರದೋ ಪಕ್ಕೆಲುಬಿನಲ್ಲಿ ಬೆಕ್ಕು, ಯಾರದೋ ದವಡೆಯಲ್ಲಿ ಬಸ್ಸು ಕೊಯ್ದಿದ್ದೇನೆ. ಪೆಟ್ಟಿಗೆಯಲ್ಲಿ ಕೊಯ್ಯದೆ ಉಳಿದದ್ದು ಒಂದೇ ಹಾಳೆ. ಬೆಳಕಿಗೆ ಹಿಡಿದೆ. ಅವನ ಮೊಣಕಾಲು.

ನನ್ನ ಗಂಡ ಮರದ ಏಣಿಯಿಂದ ಬಿದ್ದಾಗ ತೆಗೆಸಿದ್ದು. ಮೂರನೇ ಮೆಟ್ಟಿಲಿಂದ ಬಿದ್ದದ್ದು. ಅವನ ಕಥೆಯಲ್ಲಿ ಅದು ಮೂರನೇ ಮಹಡಿಯಾಗಿತ್ತು. ಮೊಣಕಾಲಿಗೆ ಏನೂ ಆಗಿರಲಿಲ್ಲ ಎಂಬುದನ್ನು ಆ ಹಾಳೆ ಸ್ಪಷ್ಟವಾಗಿ ಹೇಳುತ್ತಿತ್ತು. ಅದಕ್ಕೇ ಅದನ್ನು ಯಾರಿಗೂ ತೋರಿಸದೆ ತಳದಲ್ಲಿ ಇಟ್ಟಿದ್ದ.

ಅವನು ಬಿದ್ದ ವಿಷಯ ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಅವನಿಗೆ ಸ್ಟೆನ್ಸಿಲ್ ಹಿಡಿಯಲು ಬರುತ್ತಿರಲಿಲ್ಲ. ಹಾಳೆಯ ಮೇಲ್ಮುಖಕ್ಕೆ ನಾನು ಕೆಂಪು ಟೇಪಿನ ಚೂರು ಅಂಟಿಸುತ್ತಿದ್ದೆ. ಟೇಪು ನಮ್ಮ ಕಡೆ ಇರಬೇಕು, ಗೋಡೆಯ ಕಡೆ ಅಲ್ಲ. ಅವನು ತಪ್ಪದೆ ಅದನ್ನು ಗೋಡೆಯ ಕಡೆ ಹಿಡಿಯುತ್ತಿದ್ದ. ನಮ್ಮ ಮೊದಲ ಗೋಡೆ ಅಂಚೆ ಕಚೇರಿಯದು. ಬಾಗಿಲ ಕಡೆ ಓಡಬೇಕಾದ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬೆನ್ನು ತಿರುಗಿಸಿ ಓಡಿಹೋಗುತ್ತಿದ್ದ. ಎರಡನೆಯದು ಶಾಲೆ. ಸಾಲಾಗಿ ಹನ್ನೊಂದು ಮಕ್ಕಳು ಚೀಲ ಹೊತ್ತು ಶಾಲೆ ಬಿಟ್ಟು ಹೊರಟಿದ್ದರು. ಮಕ್ಕಳಿಗೆ ಬಹಳ ಇಷ್ಟವಾಯಿತು. ಆಮೇಲಿನ ಗೋಡೆಗಳು ಸರಿಯಾಗಿ ಬಂದವು. "ನೋಡು, ಕಲಿತುಬಿಟ್ಟೆ," ಎನ್ನುತ್ತಿದ್ದ. ನಾನು ಏನೂ ಹೇಳುತ್ತಿರಲಿಲ್ಲ.

ಏನು ಕೊಯ್ಯಬೇಕೆಂದು ಶನಿವಾರವೇ ಗೊತ್ತಾಗಿತ್ತು. ಬೋರ್ಡಣ್ಣ. ಒಂದು ಮೊಳ ಎತ್ತರ, ಇಸ್ತ್ರಿ ಅಂಗಿ, ಬಲಗಿವಿಯ ಮೇಲೆ ಪೆನ್ಸಿಲ್ಲು, ಬಲಗೈಯಲ್ಲಿ ರೋಲರು. ಗೋಡೆಯ ಎಡಮೂಲೆಯಲ್ಲಿ, ನೆಲದ ಮೇಲೇ ನಿಂತು, ಹನ್ನೆರಡಡಿ ಬಿಳಿಯನ್ನು ತಲೆ ಎತ್ತಿ ನೋಡುತ್ತಿರುವ ಹಾಗೆ. ಬಿಳಿ ಹಾಗೇ ಉಳಿಯುತ್ತದೆ, ಆದರೆ ಯಾರದ್ದು ಎಂದು ತಿಳಿಯುತ್ತದೆ.

ಬ್ಲೇಡು ಮೊದಲು ತೊಡರಿತು. ಆಮೇಲೆ ಕೈ ತನ್ನ ಪಾಡಿಗೆ ತಾನು ನಡೆಯಿತು. ಅವನ ಮಂಡಿಚಿಪ್ಪಿನ ಮೇಲೆ ಬೋರ್ಡಣ್ಣನ ಹೊಟ್ಟೆ ಬಂತು. ಮುಗಿದಾಗ ಹನ್ನೆರಡು ಗಂಟೆ. ತಿಂಡಿ ತಿಂದಿಲ್ಲವೆಂದು ಆಗ ನೆನಪಾಯಿತು. ಹಸಿವಾಗಿತ್ತು. ಅದೊಂದು ವಿಶೇಷ.

ಮೂರು ಗಂಟೆಗೆ ಏಣಿಗೆ ಹೇಳಿ ಬೋರ್ಡಣ್ಣನನ್ನು ಹೊರಗೆ ಕರೆದೊಯ್ಯುವಂತೆ ಮಾಡಿದೆ. ಅವರು ಗೋಡೆ ಬಿಟ್ಟು ಬರಲು ಒಪ್ಪಲಿಲ್ಲ. ವ್ಯಾನಿನ ಮೇಲೆ ಯಾರೋ ತಿಮಿಂಗಿಲ ಬರೆಯುತ್ತಿದ್ದಾರೆ ಎಂದು ಏಣಿ ಸುಳ್ಳು ಹೇಳಿದ ಮೇಲೆ ಓಡಿದರು.

ಗೋಂದು ಸುತ್ತ ಹಳೆಯ ಪೇಪರು ಹಿಡಿದಳು. ನಾನು ಕೆಂಪು ಟೇಪು ನನ್ನ ಕಡೆ ಬರುವಂತೆ, ಸರಿಯಾಗಿ, ಹಾಳೆಯನ್ನು ಮೂಲೆಗೆ ಒತ್ತಿದೆ. ಸ್ಪ್ರೇ ಬಣ್ಣದ ಡಬ್ಬಿ ಅಲ್ಲಾಡಿಸಿದೆ. ಒಳಗಿನ ಗುಂಡು ಟಕಟಕ ಎಂದಿತು. ಆ ಸದ್ದು ಕೇಳಿ ಹದಿನಾಲ್ಕು ತಿಂಗಳಾಗಿತ್ತು. ಹತ್ತಿರದಿಂದ ನೋಡಿದರೆ ಸ್ಟೆನ್ಸಿಲ್ಲಿನಲ್ಲಿ ಚಿತ್ರ ಕಾಣುವುದಿಲ್ಲ, ತೂತುಗಳಷ್ಟೇ ಕಾಣುತ್ತವೆ. ಊದಿದೆ. ಐದು ನಿಮಿಷ ಕಾದು ಹಾಳೆ ಎತ್ತಿದೆ.

ಗೋಂದು ನೋಡಿದಳು. ನಾನೂ ನೋಡಿದೆ.

ಬೋರ್ಡಣ್ಣ ಅಚ್ಚುಕಟ್ಟಾಗಿ ಮೂಡಿದ್ದರು. ಆದರೆ ಬಿಳಿ ಗೋಡೆಗೆ ಬೆನ್ನು ಹಾಕಿದ್ದರು. ಎಡಗೈಯಲ್ಲಿ ರೋಲರು ಹಿಡಿದು, ತಲೆ ಎತ್ತಿ, ಭಕ್ತಿಯಿಂದ ನೋಡುತ್ತಿದ್ದದ್ದು ಮೂಲೆಯಾಚೆ, ಪಕ್ಕದ ಗೋಡೆಯ ಮೇಲಿದ್ದ ಬಾಣದ ಗುರುತನ್ನು. ಅದರಲ್ಲಿ ಶೌಚಾಲಯ ಎಂದು ಬರೆದಿತ್ತು.

"ಅತ್ತಿಗೆ," ಎಂದಳು ಗೋಂದು. "ಉಲ್ಟಾ ಹಿಡಿದ್ರಾ?"

"ಇಲ್ಲ. ಟೇಪು ನೋಡು. ಸರಿಯಾಗೇ ಹಿಡಿದೆ."

"ಮತ್ತೆ?"

ಮತ್ತೇನು ಎಂದು ನನಗೆ ಆಗ ಹೊಳೆಯಿತು. ಶಾಲೆಯ ಗೋಡೆಯಾದ ಮೇಲೆ, ಅವನು ಎಂದಿಗೂ ಕಲಿಯುವುದಿಲ್ಲ ಎಂದು ತಿಳಿದು, ನಾನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊಯ್ಯಲು ಶುರುಮಾಡಿದ್ದೆ. ಅವನು ಉಲ್ಟಾ ಹಿಡಿದರೆ ಸರಿಯಾಗಿ ಬರಲಿ ಎಂದು. ಏಳು ವರ್ಷ ಹಾಗೇ ಕೊಯ್ದೆ. ಅವನಿಗೆ ಬೇಜಾರಾದೀತೆಂದು ಹೇಳಲಿಲ್ಲ. ಈವತ್ತು ಬೆಳಿಗ್ಗೆಯೂ ಕೈ ತನ್ನ ಪಾಡಿಗೆ ತಾನು ಅವನಿಗಾಗಿಯೇ ಕೊಯ್ದಿತ್ತು.

ಗೋಂದುಗೆ ಹೇಳಿದೆ. ಹೇಳುವಾಗ ದನಿ ಒಂದು ಥರ ಆಯಿತು. ಅಳುವೋ ನಗುವೋ ಎಂದು ನೋಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಬೋರ್ಡಣ್ಣ, ಅವರ ಹಿಂದೆ ಏಣಿ.

ಬೋರ್ಡಣ್ಣ ನಡೆದು ಬಂದರು. ಬಗ್ಗಿದರು. ತಮ್ಮನ್ನು ತಾವು ನೋಡಿದರು. ಬಾಣದ ಗುರುತನ್ನು ನೋಡಿದರು. ಮತ್ತೆ ತಮ್ಮನ್ನು ನೋಡಿದರು.

"ಇದು ನಾನಾ?"

"ಹೌದು."

"ನಾನು ಎಡಚ ಅಂತ ನಿನಗೆ ಯಾರು ಹೇಳಿದ್ರು?"

"ಉಲ್ಟಾ ಬಂದಿದೆ ಬೋರ್ಡಣ್ಣ. ಬಿಳಿ ಕಡೆ ನೋಡ್ಬೇಕಾಗಿತ್ತು ನೀವು."

"ಮೂರು ಕೋಟ್ ಬಳಿದವನಿಗೆ ಎಲ್ಲಿಗೆ ಹೋಗ್ಬೇಕು ಅನ್ಸತ್ತೋ ಅಲ್ಲಿಗೇ ನೋಡ್ತಿದ್ದೀನಿ ಬಿಡು," ಎಂದರು. ಆಮೇಲೆ ಚಿತ್ರದ ಅಂಗಿಯ ಮಡಿಕೆಯನ್ನು ಬೆರಳಿಂದ, ಮುಟ್ಟದೆ, ಗಾಳಿಯಲ್ಲಿ ಸವರಿದರು. "ಇಸ್ತ್ರಿ ಕೂಡ ಬಂದಿದೆ."

ಗೋಂದು ಏಣಿಗೆ ನಡೆದದ್ದೆಲ್ಲ ಹೇಳಿದಳು. ಏಣಿ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕತ್ತು ಕೆರೆದುಕೊಂಡ.

"ಅತ್ತಿಗೆ, ಒಂದು ಹೇಳ್ತೀನಿ, ಬೈಬಾರದು. ಅವನಿಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವು ಉಲ್ಟಾ ಕೊಯ್ತೀರ ಅಂತ. ಒಂದ್ಸಲ ನಾನೇ ಹೇಳ್ದೆ, ಲೋ, ಟೇಪು ನಿನ್ನ ಕಡೆ ಬರ್ಬೇಕು ಕಣೋ ಅಂತ. ಅದಕ್ಕೆ ಅವನು, ಸುಮ್ನಿರು, ಪಾಪ ಅವಳಿಗೆ ಎಡ ಬಲ ಗೊತ್ತಾಗಲ್ಲ, ಉಲ್ಟಾನೇ ಕೊಯ್ತಾಳೆ, ಹೇಳಿದ್ರೆ ನೊಂದ್ಕೋತಾಳೆ, ನಾನೇ ಉಲ್ಟಾ ಹಿಡ್ಕೊಂಡು ಸರಿಮಾಡ್ತೀನಿ ಅಂದ."

"ಯಾರು?" ಎಂದೆ. "ಯಾರಿಗೆ ಎಡ ಬಲ ಗೊತ್ತಾಗಲ್ಲ? ನನಗಾ? ನಾನು ನಕ್ಷೆ ಬರೆಯೋಳು! ಅವನು ಹಿಡಿಯೋದು ಉಲ್ಟಾ ಅಂತ ನಾನು ಕೊಯ್ಯೋದು ಉಲ್ಟಾ!"

"ಅಣ್ಣ ಹೇಳಿದ್ದೂ ಅದೇ, ಬೇರೆ ಕಡೆಯಿಂದ," ಎಂದಳು ಗೋಂದು.

"ಪೋಸ್ಟ್‌ಮ್ಯಾನ್? ಪೋಸ್ಟ್‌ಮ್ಯಾನ್ ಯಾರ ತಪ್ಪು?"

"ಅದೂ ನಿಮ್ಮದೇ ಅಂತಿದ್ದ," ಎಂದ ಏಣಿ, ಒಂದು ಹೆಜ್ಜೆ ಹಿಂದೆ ಸರಿದು.

ನನ್ನ ಕಿವಿ ಬಿಸಿಯಾಯಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ಅವನ ಮೇಲೆ ಸಿಟ್ಟು ಬಂತು. ತೀರಿಕೊಂಡವನ ಮೇಲೆ ಬರುವ ಸಿಟ್ಟಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸದ ಹಾಗೆ ನಟಿಸುವ ಗಂಡನ ಮೇಲೆ ಬರುವ ಸಿಟ್ಟು. "ಮೂರನೇ ಮೆಟ್ಟಿಲಿಂದ ಬಿದ್ದು ಮೂರನೇ ಮಹಡಿ ಅಂದವನ ಮಾತು ನಂಬ್ತೀರಾ? ನಾಳೆ ಪೆಟ್ಟಿಗೆ ತರ್ತೀನಿ. ಪೋಸ್ಟ್‌ಮ್ಯಾನ್ ಹಾಳೆ ಇನ್ನೂ ಇದೆ. ಟೇಪು ಯಾವ ಕಡೆ, ಬಣ್ಣ ಯಾವ ಕಡೆ, ನೀವೇ ನೋಡಿ ಹೇಳಿ." ಹೇಳುತ್ತ ಕಣ್ಣಿಂದ ನೀರು ಬರುತ್ತಿತ್ತು, ನಗುತ್ತಲೂ ಇದ್ದೆ. ಗೋಂದು ಪೇಪರು ಕೆಳಗೆ ಹಾಕಿ ನನ್ನ ಸೊಂಟ ಹಿಡಿದುಕೊಂಡಳು. ಬೋರ್ಡಣ್ಣ ಮಾತ್ರ, "ದೂರ ನಿಂತು ಅತ್ಕೊಳ್ಳಿ, ಬಣ್ಣ ಹಸಿ ಇದೆ," ಎಂದರು.

ನಾಲ್ಕು ಗಂಟೆಗೆ ಸಂಚಾಲಕಿ ಫೋಟೋದವನ ಜೊತೆ ಬಂದರು. ಮೂಲೆಯ ಪುಟ್ಟ ಬೋರ್ಡಣ್ಣನನ್ನು ಕಂಡು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಓ," ಎಂದರು. "ದುಃಖಕ್ಕೆ ಬೆನ್ನು ತಿರುಗಿಸಿದ ಕಾರ್ಮಿಕ."

"ಅಲ್ಲ ಮೇಡಂ," ಎಂದರು ಬೋರ್ಡಣ್ಣ. "ಕೆಲಸ ಮುಗಿಸಿದ ಕಾರ್ಮಿಕ. ಆ ಕಡೆ ಏನು ಬರ್ದಿದೆ ಓದಿ."

ಶೀರ್ಷಿಕೆ ಏನು ಕೊಡಲಿ ಎಂದು ಅವರು ಕೇಳಿದಾಗ, ಮೂರು ಕೋಟ್ ಬಿಳಿ ಎಂದೆ. ಬಳಿದವರ ಹೆಸರು ಮೊದಲು ಹಾಕಿ ಎಂದೆ. ಅವರು ಬರೆದುಕೊಂಡರು. ವೈಧವ್ಯವನ್ನು ಒಂದು ಗೆರೆ ಎಳೆದು ಹೊಡೆದುಹಾಕಿದ್ದು ನನಗೆ ಕಾಣಿಸಿತು.

ಅವರು ಹೋದ ಮೇಲೆ ಏಣಿ ಗೋಡೆಯ ಮುಂದೆ ಬಂದು ನಿಂತ. ನಮ್ಮ ಕಟ್ಟಳೆಯಂತೆ ಕೈ ಕಟ್ಟಿಕೊಂಡ.

"ಈಗ ಹೇಳಿ ಅತ್ತಿಗೆ. ಇದು ಯಾರ ಕೈ?"

ನೋಡಿದೆ. ಕೊಯ್ದದ್ದು ನಾನು, ಊದಿದ್ದು ನಾನು. ಆದರೆ ತಪ್ಪು ಅವನದು. ಅಥವಾ ನನ್ನದು. ಬಾಯಿ ತೆರೆದೆ, ಹೇಳಲು ಬರಲಿಲ್ಲ.

"ಹೇಳ್ಲಿಲ್ಲ, ಹೇಳ್ಲಿಲ್ಲ!" ಎಂದು ಗೋಂದು ಚಪ್ಪಾಳೆ ಹೊಡೆದಳು. "ಟೀ ಅತ್ತಿಗೇದು!"

ಹೊರಗಿನ ಟೀ ಅಂಗಡಿಯವರೆಗೂ ಗಂಡನ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತ ಹೋದೆ, ಪೋಸ್ಟ್‌ಮ್ಯಾನಿನಿಂದ ಶುರುಮಾಡಿ ಒಂದೊಂದೇ ಗೋಡೆ. ಅರ್ಧಕ್ಕೆ ಬರುವಷ್ಟರಲ್ಲಿ ಅಂಗಡಿಯವನು ಸಕ್ಕರೆ ಎಷ್ಟು ಎಂದು ಕೇಳಿದ. ಯಾರಿಗೆ ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಎಂದೂ ತಂದವಳಲ್ಲವಲ್ಲ. ಕೇಳಿಕೊಂಡು ಬರುತ್ತೇನೆ, ಇರು ಎಂದು ವಾಪಸ್ ಹೊರಟೆ.